ಎಡಿಟರ್ ತೋರಿಸುವ ಬ್ರಾಂಚ್ ಹೆಸರು ಹಳಸಿದ್ದರೆ?

ಪ್ರಶ್ನೆ: ಆಫೀಸಿನಲ್ಲಿ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಸೇರಿ) ವಿಮ್ ಎಡಿಟರ್‌ನಲ್ಲಿ ಕೋಡ್ ಬರೆಯುತ್ತೇನೆ, ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಎಸ್ ಕೋಡ್. ಕೋಡಿನ ಬದಲಾವಣೆಗಳ ದಾಖಲೆ ಇಡಲು ಗಿಟ್ ಬಳಸುತ್ತೇನೆ. ಹೋದ ತಿಂಗಳು ಎರಡು ಸಲ ತಪ್ಪು ಬ್ರಾಂಚಿಗೆ (ಕೋಡಿನ ಬೇರೆ ಕವಲಿಗೆ) ಕಮಿಟ್ ಮಾಡಿದೆ, ಅಂದರೆ ಬದಲಾವಣೆಯನ್ನು ಅಲ್ಲಿ ದಾಖಲಿಸಿದೆ. ಅದಕ್ಕೇ ವಿಮ್‌ನ ಕೆಳಗಿನ ಪಟ್ಟಿಯಲ್ಲಿ ಬ್ರಾಂಚ್ ಹೆಸರು ಬರಲಿ ಅಂತ ಎಲ್ಲಿಂದಲೋ ಒಂದು ಸಾಲು ಕಾಪಿ ಮಾಡಿ ಹಾಕಿದೆ. ಹೆಸರು ಬಂತು, ಆದರೆ ಕರ್ಸರ್ ತಡವರಿಸಲು ಶುರುವಾಯಿತು. ಗೆಳೆಯ ಕೊಟ್ಟ ಇನ್ನೊಂದು ಸಾಲು ಹಾಕಿದರೆ ವೇಗ ಸರಿಹೋಯಿತು, ಆದರೆ ಬೇರೆ ಟರ್ಮಿನಲ್‌ನಲ್ಲಿ ಬ್ರಾಂಚ್ ಬದಲಿಸಿದರೆ ವಿಮ್‌ಗೆ ಗೊತ್ತೇ ಆಗುವುದಿಲ್ಲ. ಎರಡರಲ್ಲಿ ಯಾವುದು ಸರಿ? ಇನ್ನೊಂದು ಪ್ರಶ್ನೆ. ವಿಎಸ್ ಕೋಡ್‌ನಲ್ಲಿ ಕೆಲವು ಫೋಲ್ಡರ್ ತೆರೆದರೆ ಬ್ರಾಂಚ್ ಹೆಸರೇ ಕಾಣುವುದಿಲ್ಲ, ಯಾಕೆ?

ಉತ್ತರ: ನಿಮ್ಮ ಎರಡು ಸಾಲೂ ಪೂರ್ತಿ ತಪ್ಪಲ್ಲ. ಒಂದು ಮಾತುಮಾತಿಗೂ ಗಿಟ್ ಅನ್ನು ಕರೆದು ಕೇಳುತ್ತದೆ. ಇನ್ನೊಂದು ಬೆಳಗ್ಗೆ ಒಂದೇ ಸಲ ಕೇಳಿಕೊಂಡು ಸಂಜೆವರೆಗೂ ಅದೇ ಉತ್ತರ ಒಪ್ಪಿಸುತ್ತದೆ. ಮೊದಲನೆಯದು ನಿಧಾನ, ಆದರೆ ನಿಜ ಹೇಳುತ್ತದೆ. ಎರಡನೆಯದು ಚುರುಕು, ಆದರೆ ಸುಳ್ಳು. ಇವೆರಡರಲ್ಲೇ ಒಂದನ್ನು ಆರಿಸಬೇಕು ಅಂದರೆ ನಾನು ನಿಧಾನದ್ದನ್ನೇ ಇಟ್ಟುಕೊಳ್ಳುತ್ತೇನೆ, ಅದೂ ಆಗದಿದ್ದರೆ ಪಟ್ಟಿಯಲ್ಲಿ ಹೆಸರೇ ಬೇಡ ಅನ್ನುತ್ತೇನೆ. ಹೆಸರು ಇಲ್ಲದಿದ್ದರೆ ಕಮಿಟ್‌ಗೆ ಮುಂಚೆ ಒಂದು ಸಲ ಗಿಟ್ ಸ್ಟೇಟಸ್ ಹೊಡೆದು ನೋಡುತ್ತೀರಿ. ಹಳಸಿದ ಹೆಸರು ಕಣ್ಣೆದುರು ಇದ್ದರೆ ಅದನ್ನೂ ಮಾಡುವುದಿಲ್ಲ.

ಇದು ನನಗೇ ಆಗಿದೆ. ಆಗ ನಾನು ಇಮ್ಯಾಕ್ಸ್ ಎಡಿಟರ್ ಬಳಸುತ್ತಿದ್ದೆ. ಅದರ ಮೋಡ್‌ಲೈನ್‌ನಲ್ಲಿ (ಕೆಳಗಿನ ಪಟ್ಟಿಯಲ್ಲಿ) ಯಾವ ಪ್ಯಾಕೇಜೂ ಹಾಕದೆ ಬ್ರಾಂಚ್ ಹೆಸರು ಬರುತ್ತದೆ. «ಗಿಟ್-ಮೇನ್» ಅಂತ ಅಡ್ಡಗೆರೆ ಇದ್ದರೆ ಫೈಲ್ ಬದಲಾಗಿಲ್ಲ, «ಗಿಟ್:ಮೇನ್» ಅಂತ ಎರಡು ಚುಕ್ಕಿ ಇದ್ದರೆ ಬದಲಾಗಿದೆ. ಒಂದು ಮಧ್ಯಾಹ್ನ ಸಹೋದ್ಯೋಗಿ ಬಂದು «ರಿಲೀಸ್ ಬ್ರಾಂಚಿನಲ್ಲಿ ಈ ಕಾನ್ಫಿಗ್ ಹೇಗಿದೆ, ಸ್ವಲ್ಪ ನೋಡಿ ಹೇಳ್ತೀರಾ» ಅಂದರು. ಟರ್ಮಿನಲ್‌ನಲ್ಲಿ ರಿಲೀಸ್‌ಗೆ ಹೋಗಿ ನೋಡಿ ಹೇಳಿದೆ. ಅವರ ಜೊತೆಗೇ ಎದ್ದು ಕಾಫಿಗೆ ಹೋದೆ. ವಾಪಸ್ ಬಂದಾಗ ಇಮ್ಯಾಕ್ಸ್‌ನ ಪಟ್ಟಿ ನನ್ನ ಹಳೆಯ ಲಾಗಿನ್ ಬ್ರಾಂಚಿನ ಹೆಸರನ್ನೇ ತೋರಿಸುತ್ತಿತ್ತು. ನಾನು ತೆರೆದಿದ್ದ ಫೈಲ್ ಎರಡೂ ಬ್ರಾಂಚಿನಲ್ಲಿ ಒಂದೇ ಥರ ಇದ್ದದ್ದರಿಂದ ಏನೂ ಬದಲಾದಂತೆ ಕಾಣಲಿಲ್ಲ. ಬರೆದೆ, ಟರ್ಮಿನಲ್‌ಗೆ ಹೋಗಿ ಒಂದೇ ಸಾಲಿನಲ್ಲಿ ಕಮಿಟ್ ಮಾಡಿದೆ, ಪುಶ್ ಮಾಡಿ ಸರ್ವರ್‌ಗೂ ಕಳಿಸಿದೆ. ಕಮಿಟ್ ಆದ ತಕ್ಷಣ ಗಿಟ್ ಚೌಕ ಬ್ರಾಕೆಟ್ ಒಳಗೆ ಬ್ರಾಂಚ್ ಹೆಸರನ್ನು ಬರೆದು ತೋರಿಸುತ್ತದೆ, «ರಿಲೀಸ್» ಅಂತ ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಓದಿದವರು ಯಾರು? ಪಟ್ಟಿಯಲ್ಲಿ ಆಗಲೇ ನೋಡಿದ್ದೆನಲ್ಲ!

ತಪ್ಪು ಪೂರ್ತಿ ಇಮ್ಯಾಕ್ಸ್‌ದಲ್ಲ. ಅದು ಫೈಲ್ ತೆರೆಯುವಾಗ ಹೆಸರು ನೋಡಿ ನೆನಪಿಟ್ಟುಕೊಳ್ಳುತ್ತದೆ. ನೀವು ಹೊರಗೆ ಬ್ರಾಂಚ್ ಬದಲಿಸಿದರೆ ತಾನಾಗಿ ಮತ್ತೆ ನೋಡುವುದಿಲ್ಲ. «ವಿಸಿ-ರಿಫ್ರೆಶ್-ಸ್ಟೇಟ್» ಅನ್ನುವ ಕಮಾಂಡ್ ಕೊಟ್ಟರೆ ಆ ಫೈಲಿಗೆ ಮತ್ತೆ ನೋಡುತ್ತದೆ. ಗ್ಲೋಬಲ್ ಆಟೋ-ರಿವರ್ಟ್ ಮೋಡ್ ಹಾಕಿಕೊಂಡು, ಅದರ ಜೊತೆಗೆ «ಆಟೋ-ರಿವರ್ಟ್-ಚೆಕ್-ವಿಸಿ-ಇನ್ಫೋ» ಅನ್ನುವ ವೇರಿಯಬಲ್ ಆನ್ ಮಾಡಿದರೆ 5 ಸೆಕೆಂಡಿಗೊಮ್ಮೆ ತಾನೇ ನೋಡುತ್ತದೆ. ಇದು ಮೊದಲಿಗೆ ಆಫ್ ಆಗಿಯೇ ಇರುತ್ತದೆ, ಯಾಕಂದರೆ ನೂರಾರು ಫೈಲ್ ತೆರೆದಿಟ್ಟವರಿಗೆ ಅದು ಭಾರ. ನೀವು ಇಮ್ಯಾಕ್ಸ್ ಕೇಳಿಲ್ಲ, ಗೊತ್ತು. ಆದರೆ ನಿಮ್ಮ ಗೆಳೆಯ ಕೊಟ್ಟ ಸಾಲಿನ ಕಾಯಿಲೆಯೂ ಇದೇ ಅಂತ ಹೇಳಬೇಕಿತ್ತು.

(ಒಂದು ಮಾತು. ಕಮಾಂಡುಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹೊಡೆಯಿರಿ.)

ಈಗ ಬ್ರಾಂಚ್ ಹೆಸರು ಎಲ್ಲಿರುತ್ತದೆ ಅಂತ ಒಂದು ಸಲ ಕಣ್ಣಾರೆ ನೋಡಿಬಿಡಿ. ನಿಮ್ಮ ರೆಪೊ (ಗಿಟ್ ನೋಡಿಕೊಳ್ಳುವ ಫೋಲ್ಡರ್) ಒಳಗೆ ಹೋಗಿ «ಕ್ಯಾಟ್ .ಗಿಟ್/ಹೆಡ್» ಅಂತ ಹೊಡೆಯಿರಿ. ಹೆಡ್ ಅನ್ನುವುದು ದೊಡ್ಡ ಅಕ್ಷರದಲ್ಲಿರಲಿ. ಬರುವುದು ಒಂದೇ ಸಾಲು: «ರೆಫ್: ರೆಫ್ಸ್/ಹೆಡ್ಸ್/ಮೇನ್». ಕೊನೆಯ ಹೊಸಸಾಲಿನ ಗುರುತೂ ಸೇರಿ ಒಟ್ಟು 21 ಬೈಟ್. ನೀವು ಯಾವ ಬ್ರಾಂಚಿನಲ್ಲಿ ಇದ್ದೀರಿ ಅನ್ನುವುದಕ್ಕೆ ಗಿಟ್ ಇಟ್ಟುಕೊಂಡಿರುವ ದಾಖಲೆ ಅಷ್ಟೇ. ಬ್ರಾಂಚ್ ಬದಲಿಸಿದಾಗ ಈ ಸಾಲು ಬದಲಾಗುತ್ತದೆ. ಕಮಿಟ್ ಮಾಡಿದಾಗ ಬದಲಾಗುವುದಿಲ್ಲ, ಆಗ ಬದಲಾಗುವುದು ಈ ಸಾಲು ಬೆರಳು ಮಾಡಿ ತೋರಿಸುವ ಇನ್ನೊಂದು ಜಾಗ. ಬ್ರಾಂಚ್ ಬಿಟ್ಟು ಯಾವುದೋ ಒಂದು ಹಳೆಯ ಕಮಿಟ್ ಮೇಲೆ ಹೋಗಿ ನಿಂತರೆ «ರೆಫ್» ಮಾಯವಾಗಿ ಬರೀ 40 ಅಕ್ಷರದ ಹ್ಯಾಶ್, ಅಂದರೆ ಆ ಕಮಿಟ್‌ನ ಗುರುತು, ಕೂರುತ್ತದೆ. ಅದನ್ನೇ ಡಿಟ್ಯಾಚ್ಡ್ ಹೆಡ್ ಅನ್ನುವುದು. ಆಗ ತೋರಿಸಲು ಹೆಸರೇ ಇಲ್ಲ. ಹ್ಯಾಶ್‌ನ ಮೊದಲ ಏಳು ಅಕ್ಷರ ತೋರಿಸುವುದು ವಾಡಿಕೆ.

ಮೊದಲನೇ ಸಾಲಿಗೆ ಬರೋಣ. ಅದರಲ್ಲಿ «%» ಮುಂದೆ ಹೂ ಬ್ರಾಕೆಟ್, ಅದರೊಳಗೆ «ಸಿಸ್ಟಮ್» ಅನ್ನುವ ಫಂಕ್ಷನ್, ಅದರೊಳಗೆ ಗಿಟ್ ಕಮಾಂಡ್ ಇದೆ ಅಲ್ವಾ? ಹೂ ಬ್ರಾಕೆಟ್ ಒಳಗಿನದನ್ನು ವಿಮ್ ಪಟ್ಟಿ ಬಿಡಿಸುವ ಪ್ರತಿ ಸಲವೂ ಲೆಕ್ಕ ಹಾಕುತ್ತದೆ. ಪಟ್ಟಿಯಲ್ಲಿ ಸಾಲಿನ ನಂಬರೂ ಕಾಲಮ್ಮೂ ಇದ್ದರೆ ಕರ್ಸರ್ ಒಂದು ಅಕ್ಷರ ಸರಿದರೂ ಪಟ್ಟಿಯನ್ನು ಹೊಸದಾಗಿ ಬಿಡಿಸಬೇಕು. ಅಂದರೆ ನೀವು «ಜೆ» ಒತ್ತಿ ಹಿಡಿದು ಕೆಳಗೆ ಇಳಿಯುತ್ತಿದ್ದರೆ, ಪ್ರತಿ ಸಾಲಿಗೂ ವಿಮ್ ಒಂದು ಶೆಲ್ ಎಬ್ಬಿಸಿ, ಆ ಶೆಲ್ ಗಿಟ್ ಅನ್ನು ಎಬ್ಬಿಸಿ, ಗಿಟ್ ತನ್ನ ಕಾನ್ಫಿಗ್ ಫೈಲುಗಳನ್ನೆಲ್ಲ ಓದಿ, ಕೊನೆಗೆ ಆ 21 ಬೈಟ್ ನೋಡಿ ಉತ್ತರ ಕೊಡುವವರೆಗೆ ಎಡಿಟರ್ ಕೈಕಟ್ಟಿ ನಿಂತಿರುತ್ತದೆ. ಮೂರು ಕಿಟಕಿ ತೆರೆದಿದ್ದು ಮೂರನ್ನೂ ಮತ್ತೆ ಬಿಡಿಸಬೇಕಾಗಿ ಬಂದರೆ ಕೆಲಸ ಮೂರು ಪಟ್ಟು. ಹೋಮ್ ಡೈರೆಕ್ಟರಿ ನೆಟ್‌ವರ್ಕ್ ಮೇಲೆ ಇದ್ದರಂತೂ ಕೇಳಲೇಬೇಡಿ. ಪಕ್ಕದ ಮನೆಯವರ ಹೆಸರು ಕೇಳಲು ಪ್ರತಿ ಸಲ ತಾಲೂಕು ಕಚೇರಿಗೆ ಅರ್ಜಿ ಹಾಕಿದ ಹಾಗೆ.

ಎರಡನೇ ಸಾಲು, ನನ್ನ ಊಹೆ, ವಿಮ್ ಶುರುವಾದಾಗ ಒಂದು ಸಲ ಗಿಟ್ ಅನ್ನು ಕೇಳಿ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುವಂಥದ್ದು.

ನಡುವಿನ ದಾರಿ ಸುಲಭ. ಕೇಳುವುದು ಬೇರೆ, ತೋರಿಸುವುದು ಬೇರೆ ಅಂತ ಮಾಡಿ. ಪಟ್ಟಿ ಬರೀ ಬಫರ್‌ನ (ವಿಮ್‌ನಲ್ಲಿ ತೆರೆದ ಫೈಲಿನ) ಒಂದು ವೇರಿಯಬಲ್ ಓದಲಿ. ಆ ವೇರಿಯಬಲ್ ತುಂಬುವ ಕೆಲಸ ಆಟೋಕಮಾಂಡಿಗೆ (ಹೇಳಿದ ಸಂದರ್ಭ ಬಂದಾಗ ವಿಮ್ ತಾನೇ ಓಡಿಸುವ ಕಮಾಂಡಿಗೆ) ಬಿಡಿ. ಯಾವ ಯಾವ ಸಂದರ್ಭಕ್ಕೆ ಅಂದರೆ, ಬಫರ್ ಒಳಗೆ ಬಂದಾಗ (ಬಫ್‌ಎಂಟರ್), ವಿಮ್ ಒಳಗಿನಿಂದಲೇ ಶೆಲ್ ಕಮಾಂಡ್ ಓಡಿಸಿದ ಮೇಲೆ (ಶೆಲ್‌ಸಿಎಮ್‌ಡಿಪೋಸ್ಟ್), ಡೈರೆಕ್ಟರಿ ಬದಲಿಸಿದಾಗ (ಡಿರ್‌ಚೇಂಜ್ಡ್), ಎಲ್ಲಕ್ಕಿಂತ ಮುಖ್ಯವಾಗಿ ಬೇರೆ ಕಿಟಕಿಯಿಂದ ವಿಮ್‌ಗೆ ವಾಪಸ್ ಬಂದಾಗ (ಫೋಕಸ್‌ಗೇನ್ಡ್). ನಿಮ್ಮ ತೊಂದರೆಗೆ ನೇರ ಮದ್ದು ಈ ಕೊನೆಯದೇ. ನೀವು ಬ್ರಾಂಚ್ ಬದಲಿಸುವುದು ಇನ್ನೊಂದು ಟರ್ಮಿನಲ್‌ನಲ್ಲಿ. ಅಲ್ಲಿಂದ ವಿಮ್‌ಗೆ ಮರಳಿದ ಕ್ಷಣದಲ್ಲಿ ಒಂದು ಸಲ ನೋಡಿದರೆ ಸಾಕು, ಮಧ್ಯದಲ್ಲಿ ಪದೇಪದೇ ನೋಡಿ ಏನು ಪ್ರಯೋಜನ?

ಇಲ್ಲೊಂದು ಗುಂಡಿ ಇದೆ. ನೀವು ಸರ್ವರ್ ಮೇಲೆ ಕೆಲಸ ಮಾಡುವವರು, ಹಾಗಾಗಿ ಟಿಮಕ್ಸ್ (ಒಂದೇ ಟರ್ಮಿನಲ್ ಅನ್ನು ಹಲವು ಪೇನ್‌ಗಳಾಗಿ ಹಂಚುವ ಪ್ರೋಗ್ರಾಮ್) ಬಳಸುವ ಸಾಧ್ಯತೆ ಜಾಸ್ತಿ. ಟಿಮಕ್ಸ್ ಸುಮ್ನೆ ಬಿಟ್ಟರೆ ಫೋಕಸ್ ಸುದ್ದಿಯನ್ನು ಒಳಗಿನ ಪ್ರೋಗ್ರಾಮಿಗೆ ದಾಟಿಸುವುದಿಲ್ಲ. ಅದರ ಕಾನ್ಫಿಗ್‌ನಲ್ಲಿ «ಫೋಕಸ್-ಈವೆಂಟ್ಸ್» ಆನ್ ಮಾಡಬೇಕು. ಮಾಡಿದರೆ ಪಕ್ಕದ ಪೇನ್‌ನಿಂದ ವಿಮ್ ಇರುವ ಪೇನ್‌ಗೆ ಬಂದಾಗಲೂ ಸುದ್ದಿ ಸಿಗುತ್ತದೆ. ಇದನ್ನು ಮಾಡದೆ «ಫೋಕಸ್‌ಗೇನ್ಡ್ ಕೆಲಸ ಮಾಡಲ್ಲ ಸಾರ್» ಅಂತ ಬಂದವರು ಬಹಳ ಜನ. ಅದರ ಮೇಲೆ ಕರ್ಸರ್‌ಹೋಲ್ಡ್ ಅನ್ನೂ ಸೇರಿಸಿ. ನೀವು ಟೈಪ್ ಮಾಡದೆ ಸುಮ್ಮನಿದ್ದಾಗ ಅದು ಓಡುತ್ತದೆ. ಕಾಯುವ ಸಮಯ ಮೊದಲಿಗೆ 4000 ಮಿಲಿಸೆಕೆಂಡ್ ಇರುತ್ತದೆ, «ಅಪ್‌ಡೇಟ್‌ಟೈಮ್» ಆಪ್ಷನ್‌ನಲ್ಲಿ ಕಡಿಮೆ ಮಾಡಬಹುದು.

ಕೈಯಾರೆ ಬರೆಯುವುದು ಬೇಡ ಅಂದರೆ ಟಿಮ್ ಪೋಪ್ ಬರೆದ ಫ್ಯುಜಿಟಿವ್ ಪ್ಲಗಿನ್ ಹಾಕಿ. ಅದರ «ಫ್ಯುಜಿಟಿವ್‌ಹೆಡ್» ಫಂಕ್ಷನ್ ಬರೀ ಹೆಸರು ಕೊಡುತ್ತದೆ, «ಫ್ಯುಜಿಟಿವ್‌ಸ್ಟೇಟಸ್‌ಲೈನ್» ಅದನ್ನೇ ಬ್ರಾಕೆಟ್ ಹಾಕಿ ಅಲಂಕರಿಸಿ ಕೊಡುತ್ತದೆ. ಅದರ ಒಳಗಿನ ಉಪಾಯ ನನಗೆ ಇಷ್ಟ. ಗಿಟ್ ಪ್ರೋಗ್ರಾಮನ್ನು ಎಬ್ಬಿಸುವ ಬದಲು ಹೆಡ್ ಫೈಲ್ ಕೊನೆಗೆ ಬದಲಾದ ಸಮಯವನ್ನು ಮಾತ್ರ ನೋಡುತ್ತದೆ. ಹೋದ ಸಲದ್ದೇ ಸಮಯ ಇದ್ದರೆ ಹಳೆಯ ಉತ್ತರ, ಬದಲಾಗಿದ್ದರೆ ಮಾತ್ರ ಫೈಲ್ ತೆರೆದು ಓದುತ್ತದೆ. ಹಾಗಾಗಿ ಇದನ್ನು ಪಟ್ಟಿಯೊಳಗೆ ನೇರವಾಗಿ ಹಾಕಿದರೂ ಕರ್ಸರ್ ತಡವರಿಸುವುದಿಲ್ಲ. ಏರ್‌ಲೈನ್, ಲೈಟ್‌ಲೈನ್ ಥರದ ಪಟ್ಟಿ ಸಿಂಗರಿಸುವ ಪ್ಲಗಿನ್ ಹಾಕಿದವರೂ ಸಾಮಾನ್ಯವಾಗಿ ಹೆಸರನ್ನು ಇದರಿಂದಲೇ ಪಡೆಯುತ್ತಾರೆ. ವಿಮ್‌ನಿಂದಲೇ ಕವಲೊಡೆದ ನಿಯೋವಿಮ್‌ಗೆ ಹೋದರೆ ಗಿಟ್‌ಸೈನ್ಸ್ ಪ್ಲಗಿನ್ ಇದೆ. ಅದು ಗಿಟ್ ಫೋಲ್ಡರ್ ಮೇಲೆ ಕಾವಲು ಕೂರಿಸಿ, ಬದಲಾವಣೆ ಆದಾಗ ಬಫರ್ ವೇರಿಯಬಲ್‌ನಲ್ಲಿ ಹೆಸರು ತುಂಬಿಡುತ್ತದೆ.

ಕಾವಲು ಅಂದೆ. ನೀವೇ ಬರೆಯಲು ಹೊರಟರೆ ಇದನ್ನು ನೆನಪಿಡಿ, ಇಲ್ಲಿ ಬಹಳ ಜನ ಎಡವುತ್ತಾರೆ. ಹೆಡ್ ಫೈಲ್ ಮೇಲೆ ಕಾವಲು ಹಾಕಬೇಡಿ, ಅದು ಇರುವ ಫೋಲ್ಡರ್ ಮೇಲೆ ಹಾಕಿ. ಗಿಟ್ ಆ ಫೈಲನ್ನು ತೆರೆದು ತಿದ್ದುವುದಿಲ್ಲ. «ಹೆಡ್.ಲಾಕ್» ಅಂತ ಹೊಸ ಫೈಲ್ ಬರೆದು, ಅದಕ್ಕೆ ಹೆಡ್ ಅಂತ ಮರುನಾಮಕರಣ ಮಾಡುತ್ತದೆ. ಅರ್ಧ ಬರೆದಾಗ ಕರೆಂಟ್ ಹೋದರೂ ಹಳೆಯ ಫೈಲ್ ಕೆಡಬಾರದು ಅಂತ ಈ ಜಾಗ್ರತೆ. ಆದರೆ ಕಾವಲು ಕಾಯುವ ಲಿನಕ್ಸ್‌ನ ಐನೋಟಿಫೈ ನೋಡುವುದು ಹೆಸರನ್ನಲ್ಲ, ಹೆಸರಿನ ಹಿಂದಿನ ಐನೋಡ್ ಅನ್ನು, ಅಂದರೆ ಡಿಸ್ಕ್‌ನಲ್ಲಿರುವ ಆ ಫೈಲಿನ ದಾಖಲೆಯನ್ನು. ಮೊದಲ ಸಲ ಬ್ರಾಂಚ್ ಬದಲಿಸಿದಾಗ ಹಳೆಯ ಐನೋಡ್ ಸತ್ತುಹೋಗುತ್ತದೆ, ಜೊತೆಗೆ ಕಾವಲೂ. ಒಂದು ಸಲ ಚೆನ್ನಾಗಿ ಕೆಲಸ ಮಾಡಿ, ಎರಡನೇ ಸಲದಿಂದ ಸತ್ತಂತೆ ಬಿದ್ದಿರುವ ಪಟ್ಟಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಇನ್ನು «ಯಾರ ಬ್ರಾಂಚು» ಅನ್ನುವ ಪ್ರಶ್ನೆ. ಇದನ್ನು ಕೇಳುವವರೇ ಕಡಿಮೆ. ವಿಮ್‌ನಿಂದ ಓಡಿಸಿದ ಗಿಟ್ ವಿಮ್‌ನ ಈಗಿನ ಡೈರೆಕ್ಟರಿಯ ಬ್ರಾಂಚ್ ಹೇಳುತ್ತದೆ, ನೀವು ತೆರೆದ ಫೈಲಿನದ್ದಲ್ಲ. ಒಂದು ರೆಪೊದಲ್ಲಿ ನಿಂತು ಇನ್ನೊಂದು ರೆಪೊದ ಫೈಲ್ ತೆರೆದರೆ ಹೆಸರು ತಪ್ಪು. ಅದಕ್ಕೆ «ಗಿಟ್ -ಸಿ» ಕೊಟ್ಟು ಆ ಫೈಲ್ ಇರುವ ಫೋಲ್ಡರ್ ಹೇಳಬೇಕು (ಸಿ ದೊಡ್ಡ ಅಕ್ಷರ). ವಿಮ್ ಸೆಟ್ಟಿಂಗ್ ಫೈಲನ್ನು ಬೇರೆ ರೆಪೊದಲ್ಲಿಟ್ಟು ಹೋಮ್‌ಗೆ ಸಿಮ್‌ಲಿಂಕ್ (ನಿಜವಾದ ಫೈಲನ್ನು ತೋರಿಸುವ ಕೊಂಡಿ) ಹಾಕಿಕೊಂಡವರು ಮೊದಲು ಲಿಂಕ್ ಬಿಡಿಸಿ ನಿಜವಾದ ಜಾಗ ಹುಡುಕಬೇಕು, ವಿಮ್‌ನಲ್ಲಿ ಅದಕ್ಕೆ «ರಿಸಾಲ್ವ್» ಇದೆ. ಹೆಸರನ್ನು ಗ್ಲೋಬಲ್ ವೇರಿಯಬಲ್‌ನಲ್ಲಿ ಇಡದೆ ಬಫರ್ ವೇರಿಯಬಲ್‌ನಲ್ಲಿ ಇಡಿ ಅಂತ ಹೇಳಿದ್ದು ಇದಕ್ಕೇ. ಎರಡು ಕಿಟಕಿಯಲ್ಲಿ ಎರಡು ರೆಪೊ ಇದ್ದರೆ ಎರಡು ಪಟ್ಟಿಯಲ್ಲೂ ಅವರವರ ಹೆಸರು ಬರಬೇಕು.

ಕೆಲವು ಕಡೆ .ಗಿಟ್ ಅನ್ನುವುದು ಫೋಲ್ಡರೇ ಅಲ್ಲ. ಗಿಟ್ 2.5 ಬಂದಾಗಿನಿಂದ, ಅಂದರೆ 2015ರಿಂದ, ವರ್ಕ್‌ಟ್ರೀ ಸೌಲಭ್ಯ ಇದೆ: ಒಂದೇ ರೆಪೊವನ್ನು ಎರಡು ಮೂರು ಫೋಲ್ಡರಿನಲ್ಲಿ ಬೇರೆ ಬೇರೆ ಬ್ರಾಂಚ್ ಮೇಲೆ ತೆರೆದಿಡಬಹುದು. ಹಾಗೆ ಸೇರಿಸಿದ ಫೋಲ್ಡರಿನಲ್ಲಿ .ಗಿಟ್ ಒಂದು ಪುಟ್ಟ ಫೈಲ್. ಒಳಗೆ «ಗಿಟ್‌ಡಿರ್:» ಅಂತ ಶುರುವಾಗಿ ನಿಜವಾದ ಜಾಗದ ವಿಳಾಸ ಇರುತ್ತದೆ. ಸಬ್‌ಮಾಡ್ಯೂಲ್‌ಗಳಲ್ಲೂ (ಒಂದು ರೆಪೊದೊಳಗೆ ಇಟ್ಟ ಇನ್ನೊಂದು ರೆಪೊದಲ್ಲೂ) ಹೀಗೇ. ಹಾಗಾಗಿ ವಿಳಾಸವನ್ನು ನೀವೇ ಊಹಿಸಬೇಡಿ, ಒಂದು ಸಲ «ಗಿಟ್ ರೆವ್-ಪಾರ್ಸ್ --ಗಿಟ್-ಡಿರ್» ಅಂತ ಕೇಳಿ ತಿಳಿದುಕೊಳ್ಳಿ. ತಪ್ಪು ಬ್ರಾಂಚಿನ ಕಾಟ ಇರುವವರಿಗೆ ವರ್ಕ್‌ಟ್ರೀಯೇ ಒಳ್ಳೆಯ ಔಷಧಿ ಅಂತ ನನ್ನ ಅಭಿಪ್ರಾಯ. ರಿಲೀಸ್ ಒಂದು ಫೋಲ್ಡರ್, ನಿಮ್ಮ ಕೆಲಸ ಒಂದು ಫೋಲ್ಡರ್. ಆ ದಿನ ನನ್ನ ಹತ್ತಿರ ಅದು ಇದ್ದಿದ್ದರೆ ಸಹೋದ್ಯೋಗಿಗೆ ಉತ್ತರ ಕೊಡಲು ಬ್ರಾಂಚ್ ಬದಲಿಸುವ ಅಗತ್ಯವೇ ಬರುತ್ತಿರಲಿಲ್ಲ.

ಹೆಡ್ ಫೈಲನ್ನು ನೇರ ಓದುವ ಜಾಣತನಕ್ಕೂ ಕಾಲ ಮುಗಿಯುತ್ತಾ ಬಂದಿದೆ. 2024ರಲ್ಲಿ ಗಿಟ್ 2.45ರ ಜೊತೆ ರೆಫ್‌ಟೇಬಲ್ ಅನ್ನುವ ಹೊಸ ಸಂಗ್ರಹ ವಿಧಾನ ಬಂತು. ಅದರಲ್ಲಿ ಬ್ರಾಂಚುಗಳ ಮಾಹಿತಿಯೆಲ್ಲ ಒಂದು ಬೈನರಿ ಕೋಷ್ಟಕದೊಳಗೆ ಇರುತ್ತದೆ. ಹಳೆಯ ಪ್ರೋಗ್ರಾಮುಗಳು ಇದನ್ನೂ ರೆಪೊ ಅಂತ ಗುರುತಿಸಲಿ ಅಂತ ಹೆಡ್ ಫೈಲ್ ಮಾತ್ರ ಉಳಿಸಿದ್ದಾರೆ, ಆದರೆ ಅದರೊಳಗೆ ಯಾವಾಗಲೂ «ರೆಫ್: ರೆಫ್ಸ್/ಹೆಡ್ಸ್/.ಇನ್‌ವ್ಯಾಲಿಡ್» ಅಂತಲೇ ಇರುತ್ತದೆ. ನಿಮ್ಮ ಪಟ್ಟಿಯಲ್ಲಿ ಯಾವತ್ತಾದರೂ «.ಇನ್‌ವ್ಯಾಲಿಡ್» ಅನ್ನುವ ಬ್ರಾಂಚ್ ಕಂಡರೆ ಗಾಬರಿ ಬೀಳಬೇಡಿ, ರೆಪೊ ಕೆಟ್ಟಿಲ್ಲ, ಪ್ಲಗಿನ್ ಹಳೆಯದು. ಕೈಯಾರೆ ಬರೆಯುವವರು ಆ ಹೆಸರು ಕಂಡಾಗ ಗಿಟ್ ಅನ್ನೇ ಕೇಳುವ ಹಾಗೆ ಬರೆದಿಡಿ.

ಕೇಳುವುದಾದರೆ ಯಾವ ಕಮಾಂಡಿನಿಂದ ಕೇಳಬೇಕು ಅನ್ನುವುದರಲ್ಲೂ ಸೂಕ್ಷ್ಮ ಇದೆ. ಎಲ್ಲೆಲ್ಲೂ ಸಿಗುವ «ಗಿಟ್ ರೆವ್-ಪಾರ್ಸ್ --ಅಬ್ರೆವ್-ರೆಫ್ ಹೆಡ್» ಡಿಟ್ಯಾಚ್ಡ್ ಸ್ಥಿತಿಯಲ್ಲಿ «ಹೆಡ್» ಅಂತ ಒಂದು ಪದ ಕೊಡುತ್ತದೆ, ಹೊಸಬರು ಅದನ್ನೇ ಬ್ರಾಂಚ್ ಹೆಸರು ಅಂದುಕೊಳ್ಳುತ್ತಾರೆ. ಆಗಷ್ಟೇ ಶುರು ಮಾಡಿದ, ಒಂದೂ ಕಮಿಟ್ ಇಲ್ಲದ ರೆಪೊದಲ್ಲಂತೂ ಎರರ್ ಉಗುಳುತ್ತದೆ, ಆ ಎರರ್ ಹಾಗೇ ಪಟ್ಟಿಯಲ್ಲಿ ಬಂದು ಕೂರುವುದನ್ನೂ ನೋಡಿದ್ದೇನೆ. 2019ರ ಗಿಟ್ 2.22ರಲ್ಲಿ ಬಂದ «ಗಿಟ್ ಬ್ರಾಂಚ್ --ಶೋ-ಕರೆಂಟ್» ವಾಸಿ. ಬ್ರಾಂಚ್ ಇದ್ದರೆ ಹೆಸರು, ಇಲ್ಲದಿದ್ದರೆ ಖಾಲಿ. ಕಮಿಟ್ ಇಲ್ಲದ ರೆಪೊದಲ್ಲೂ ಸರಿಯಾಗಿ ಹೇಳುತ್ತದೆ. ಸರ್ವರ್‌ನಲ್ಲಿ ಅದಕ್ಕಿಂತ ಹಳೆಯ ಗಿಟ್ ಇದ್ದರೆ «ಗಿಟ್ ಸಿಂಬಾಲಿಕ್-ರೆಫ್ --ಶಾರ್ಟ್ -ಕ್ಯೂ ಹೆಡ್» ಬಳಸಿ.

ರಿಬೇಸ್ (ನಿಮ್ಮ ಕಮಿಟ್‌ಗಳನ್ನು ಬೇರೆ ಕಮಿಟ್ ಮೇಲೆ ಮತ್ತೆ ಜೋಡಿಸುವುದು) ನಡೆಯುತ್ತಿರುವಾಗ ಏನಾಗುತ್ತದೆ ಅಂತ ಗೊತ್ತಿರಲಿ. ಆಗ ಗಿಟ್ ನಿಮ್ಮನ್ನು ಬ್ರಾಂಚಿನಿಂದ ಇಳಿಸಿರುತ್ತದೆ, ಪಟ್ಟಿಯಲ್ಲಿ ಬರೀ ಹ್ಯಾಶ್ ಕಾಣುತ್ತದೆ. ನಿಜವಾದ ಹೆಸರು ಗಿಟ್ ಫೋಲ್ಡರಿನ «ರಿಬೇಸ್-ಮರ್ಜ್» ಒಳಗೆ «ಹೆಡ್-ನೇಮ್» ಅನ್ನುವ ಫೈಲಿನಲ್ಲಿ ಕಾಯುತ್ತಿರುತ್ತದೆ. ಗಿಟ್ ಜೊತೆಗೇ ಬರುವ ಶೆಲ್ ಪ್ರಾಂಪ್ಟ್ ಸ್ಕ್ರಿಪ್ಟ್ ಅದನ್ನು ಓದಿ «ಲಾಗಿನ್|ರಿಬೇಸ್ 2/5» ಥರ ತೋರಿಸುತ್ತದೆ. ನನ್ನನ್ನು ಕೇಳಿದರೆ ಬ್ರಾಂಚ್ ಹೆಸರಿಗಿಂತ ಇದು ಹೆಚ್ಚು ಉಪಯೋಗದ್ದು. ಅರ್ಧ ರಿಬೇಸ್ ಬಿಟ್ಟು ಊಟಕ್ಕೆ ಹೋಗಿ ಬಂದವರನ್ನು ಉಳಿಸುವುದು ಆ ಒಂದು ಪದವೇ.

ಹೆಸರಿನ ಪಕ್ಕ ಒಂದು ನಕ್ಷತ್ರವೂ ಬೇಕು, ಕಮಿಟ್ ಆಗದ ಬದಲಾವಣೆ ಇದೆ ಅಂತ ತೋರಿಸಲು, ಅನ್ನುವ ಆಸೆ ಮುಂದೆ ಬರುತ್ತದೆ. ಬರಲಿ, ಆದರೆ ಅದರ ಬೆಲೆ ಬೇರೆ. ಹೆಸರಿಗೆ 21 ಬೈಟ್ ಸಾಕು. ನಕ್ಷತ್ರಕ್ಕೆ ರೆಪೊದ ಎಲ್ಲ ಫೈಲುಗಳ ಕಡೆ ಒಂದು ಸಲ ಕಣ್ಣು ಹಾಯಿಸಬೇಕು. ಅಷ್ಟೇ ಅಲ್ಲ, ಗಿಟ್ ಸ್ಟೇಟಸ್ ಓಡುವಾಗ ಇಂಡೆಕ್ಸ್ ಅನ್ನು (ಮುಂದಿನ ಕಮಿಟ್‌ಗೆ ಏನು ಹೋಗುತ್ತದೆ ಅನ್ನುವ ಗಿಟ್‌ನ ಲೆಕ್ಕವನ್ನು) ತಾಜಾ ಮಾಡಲು ಒಂದು ಕ್ಷಣ ಬೀಗ ಹಾಕುತ್ತದೆ. ಎಡಿಟರ್ ಹಿಂದೆ ಗುಟ್ಟಾಗಿ ಸ್ಟೇಟಸ್ ಓಡಿಸುತ್ತಿರುವಾಗಲೇ ನೀವು ಟರ್ಮಿನಲ್‌ನಲ್ಲಿ ಕಮಿಟ್ ಹೊಡೆದರೆ «ಇಂಡೆಕ್ಸ್.ಲಾಕ್ ಆಗಲೇ ಇದೆ» ಅನ್ನುವ ಎರರ್ ಬರಬಹುದು. ಯಾವಾಗಲೋ ಒಮ್ಮೆ ಬಂದು ಹೋಗುವ ಈ ಎರರ್‌ಗೆ ಜನ ಡಿಸ್ಕ್ ಬದಲಿಸುವ ಮಾತಾಡಿದ್ದೂ ಉಂಟು. ಪರಿಹಾರ ಗಿಟ್‌ನಲ್ಲೇ ಇದೆ. ಹಿನ್ನೆಲೆಯಲ್ಲಿ ಓಡಿಸುವಾಗ «ಗಿಟ್ --ನೋ-ಆಪ್ಷನಲ್-ಲಾಕ್ಸ್ ಸ್ಟೇಟಸ್» ಅಂತ ಕೊಡಿ. 2017ರ 2.15ರಿಂದ ಇದೆ.

ಉದ್ದ ಹೆಸರಿನ ವಿಚಾರ ಸಣ್ಣದು, ಆದರೂ ಹೇಳುತ್ತೇನೆ. ಬಹಳ ಕಡೆ ಬ್ರಾಂಚುಗಳೆಲ್ಲ «ಫೀಚರ್/» ಅಂತಲೇ ಶುರುವಾಗುತ್ತವೆ. ಬಾಲ ಕತ್ತರಿಸಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ, ಕತ್ತರಿಸಬೇಕಾದ್ದು ತಲೆ. ವಿಮ್‌ನಲ್ಲಿ ಹೂ ಬ್ರಾಕೆಟ್‌ಗೆ ಮುಂಚೆ «%.20» ಅಂತ ಹಾಕಿದರೆ 20ಕ್ಕಿಂತ ಉದ್ದ ಇದ್ದಾಗ ಎಡಗಡೆಯಿಂದಲೇ ಕತ್ತರಿಸಿ ಅಲ್ಲೊಂದು «<» ಗುರುತು ಇಡುತ್ತದೆ. ಅಂದಹಾಗೆ ಕನ್ನಡದಲ್ಲೂ ಬ್ರಾಂಚ್ ಹೆಸರಿಡಬಹುದು, ಗಿಟ್‌ಗೆ ಅಭ್ಯಂತರವಿಲ್ಲ. ಖಾಲಿ ಜಾಗ, ಎರಡು ಚುಕ್ಕಿ, ಪ್ರಶ್ನೆ ಚಿಹ್ನೆ ಇಂಥ ಕೆಲವು ಮಾತ್ರ ಕೂಡದು. ನಾನು ಒಮ್ಮೆ ತಮಾಷೆಗೆ «ಪರೀಕ್ಷೆ» ಅಂತ ಇಟ್ಟು ನೋಡಿದೆ. ಅಲ್ಲಿಯ «ಕ್ಷ» ಒಂದಕ್ಕೇ ಕ, ಹಲಂತ, ಷ ಅಂತ ಮೂರು ಕೋಡ್‌ಪಾಯಿಂಟ್, 9 ಬೈಟ್. ನನ್ನ ಸ್ಕ್ರಿಪ್ಟ್ ಬೈಟ್ ಎಣಿಸಿ ಕತ್ತರಿಸುತ್ತಿತ್ತು, ಪಟ್ಟಿಯ ತುದಿಯಲ್ಲಿ ಕಸದಂಥ ಗುರುತುಗಳು ಬಂದವು. «ಸ್ಟ್ರ್‌ಕ್ಯಾರ್‌ಪಾರ್ಟ್» ಬಳಸಿದರೆ ಆ ಕಸ ಹೋಗುತ್ತದೆ, ಆದರೂ ಒತ್ತಕ್ಷರ ನಡುವೆ ಮುರಿಯುವ ಸಾಧ್ಯತೆ ಇದ್ದೇ ಇದೆ. ಹೆಸರಿನ ಮುಂದೆ ಕವಲಿನ ಚಿತ್ರ ಬರುವ ಜಾಗದಲ್ಲಿ ಖಾಲಿ ಡಬ್ಬಿ ಕಂಡರೆ ಅದು ಬೇರೆ ಕಥೆ. ಆ ಚಿತ್ರ ಪವರ್‌ಲೈನ್ ಅಥವಾ ನರ್ಡ್ ಫಾಂಟ್‌ಗಳಲ್ಲಿ ಮಾತ್ರ ಇರುತ್ತದೆ. ಫಾಂಟ್ ಹಾಕಬೇಕಾದ್ದು ಸರ್ವರ್‌ನಲ್ಲಲ್ಲ, ನಿಮ್ಮ ಎದುರಿನ ಲ್ಯಾಪ್‌ಟಾಪ್‌ನಲ್ಲಿ.

ವಿಎಸ್ ಕೋಡ್‌ಗೆ ಬರೋಣ. ಅಲ್ಲಿ ಎಡಗಡೆ ಕೆಳಮೂಲೆಯಲ್ಲಿ ಹೆಸರು ಬರುತ್ತದೆ. ಪಕ್ಕದ ನಕ್ಷತ್ರ ಅಂದರೆ ಬದಲಾವಣೆ ಇದೆ, ಕೂಡು ಚಿಹ್ನೆ ಅಂದರೆ ಸ್ಟೇಜ್ ಆಗಿದೆ (ಮುಂದಿನ ಕಮಿಟ್‌ಗೆ ಸಿದ್ಧವಾಗಿದೆ), ಆಶ್ಚರ್ಯ ಚಿಹ್ನೆ ಅಂದರೆ ಮರ್ಜ್ ಜಗಳ ಬಾಕಿ ಇದೆ. ರೆಪೊ ಮೇಲೆ ಅದೇ ಕಣ್ಣಿಟ್ಟಿರುವುದರಿಂದ ಹೊರಗೆ ಬ್ರಾಂಚ್ ಬದಲಿಸಿದರೂ ಸ್ವಲ್ಪ ಹೊತ್ತಿಗೆ ಹಿಡಿದುಕೊಳ್ಳುತ್ತದೆ. ಹೆಸರು ಬಾರದ ಫೋಲ್ಡರುಗಳಿಗೆ ನಾನು ನೋಡುವ ಕ್ರಮ ಹೇಳುತ್ತೇನೆ. ಮೊದಲು, ನೀವು ರೆಪೊದ ಒಳಗಿನ ಉಪಫೋಲ್ಡರ್ ತೆರೆದಿದ್ದೀರಾ? 2023ರಿಂದ ಈಚೆಗೆ ಅದು ಮೇಲಿನ ಫೋಲ್ಡರಿನ ರೆಪೊವನ್ನು ತಾನಾಗಿ ತೆರೆಯುವುದಿಲ್ಲ, ತೆರೆಯಲಾ ಅಂತ ಕೇಳುತ್ತದೆ. ಆ ಪ್ರಶ್ನೆಯನ್ನು ಓದದೆ ಮುಚ್ಚಿದವರೇ ಜಾಸ್ತಿ. ಸೆಟ್ಟಿಂಗ್ಸ್‌ನಲ್ಲಿ «ಗಿಟ್.ಓಪನ್‌ರೆಪಾಸಿಟರಿಇನ್‌ಪೇರೆಂಟ್‌ಫೋಲ್ಡರ್ಸ್» ಅನ್ನು «ಆಲ್ವೇಸ್» ಮಾಡಿ. ಆಮೇಲೆ ನೋಡಬೇಕಾದ್ದು ಫೋಲ್ಡರಿನ ಮಾಲೀಕ ಯಾರು ಅಂತ. 2022ರ ಏಪ್ರಿಲ್‌ನಲ್ಲಿ ಒಂದು ಭದ್ರತಾ ಲೋಪ ಮುಚ್ಚಲು ಗಿಟ್ 2.35.2 ಬಂತು. ಅಲ್ಲಿಂದ ಬೇರೆ ಯೂಸರ್ ಹೆಸರಿನಲ್ಲಿರುವ ರೆಪೊವನ್ನು ಗಿಟ್ ಮುಟ್ಟಲು ಒಪ್ಪುವುದಿಲ್ಲ. ಸೂಡೋ ಹಾಕಿ ಕ್ಲೋನ್ ಮಾಡಿದ್ದು, ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರುವುದು, ಡಾಕರ್ ಒಳಗಿಂದ ಹುಟ್ಟಿದ್ದು ಎಲ್ಲ ಇಲ್ಲಿ ಸಿಕ್ಕಿಬೀಳುತ್ತವೆ. ಫೋಲ್ಡರ್ ನಿಮ್ಮದೇ ಅಂತ ಖಾತ್ರಿ ಇದ್ದರೆ ಮಾಲೀಕತ್ವ ಸರಿ ಮಾಡಿ, ಇಲ್ಲವೇ ಅದೊಂದೇ ಫೋಲ್ಡರನ್ನು «ಸೇಫ್.ಡೈರೆಕ್ಟರಿ» ಕಾನ್ಫಿಗ್‌ಗೆ ಸೇರಿಸಿ. ಎಲ್ಲ ಕಡೆಗೂ ಅನ್ವಯಿಸಲಿ ಅಂತ ಅಲ್ಲಿ ನಕ್ಷತ್ರ ಹಾಕಿ ಕೂರಬೇಡಿ. ಇನ್ನೊಂದು, ಫೋಲ್ಡರ್ ತೆರೆದಾಗ «ನಂಬುತ್ತೀರಾ» ಅಂತ ಕೇಳಿದ್ದಕ್ಕೆ ಇಲ್ಲ ಅಂದಿದ್ದರೆ ಗಿಟ್ ಭಾಗವೇ ಓಡುವುದಿಲ್ಲ. ಇಷ್ಟಾದ ಮೇಲೂ ಇಲ್ಲವೆಂದರೆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ನೋಡಿ, ಯಾವತ್ತೋ ಕೈತಪ್ಪಿ ಸೋರ್ಸ್ ಕಂಟ್ರೋಲ್ ಟಿಕ್ ತೆಗೆದಿರುತ್ತೀರಿ.

ಅಲ್ಲೇ ಪಕ್ಕದಲ್ಲಿ ಬಾಣದ ಗುರುತಿನ ಜೊತೆ ಬರುವ ಅಂಕಿಗಳನ್ನು ಮಾತ್ರ ಅಷ್ಟಾಗಿ ನಂಬಬೇಡಿ. ಕೆಳಬಾಣದ ಪಕ್ಕ 0 ಅಂದರೆ ಸರ್ವರ್‌ನಲ್ಲಿ ಹೊಸದೇನೂ ಇಲ್ಲ ಅಂತಲ್ಲ, ಕೊನೆಯ ಸಲ ಫೆಚ್ ಮಾಡಿ ಸರ್ವರ್ ಅನ್ನು ಕೇಳಿದಾಗ ಇರಲಿಲ್ಲ ಅಂತ. ಆಟೋಫೆಚ್ ಮೊದಲಿಗೆ ಆಫ್ ಇರುತ್ತದೆ. ಇದೂ ಹಳಸುವ ಸರಕೇ.

ಪಟ್ಟಿ ಎಷ್ಟೇ ಸರಿ ಇದ್ದರೂ ಒಂದು ವಾರಕ್ಕೆ ಕಣ್ಣು ಅದನ್ನು ನೋಡುವುದು ಬಿಡುತ್ತದೆ. ಅದಕ್ಕೆ ನಾನು ಎರಡು ಕೆಲಸ ಮಾಡಿಕೊಂಡಿದ್ದೇನೆ. ಮೇನ್ ಅಥವಾ ರಿಲೀಸ್ ಮೇಲೆ ಇದ್ದರೆ ಹೆಸರು ಕೆಂಪು ಬಣ್ಣದಲ್ಲಿ ಬರುತ್ತದೆ, ಉಳಿದಂತೆ ಮಂಕು ಬಣ್ಣ. ಮತ್ತೆ, ಕಮಿಟ್ ಮಾಡುವಾಗ «-ಎಮ್» ಹಾಕಿ ಒಂದೇ ಸಾಲಿನಲ್ಲಿ ಮುಗಿಸುವುದನ್ನು ಬಿಟ್ಟೆ. ಬರೀ «ಗಿಟ್ ಕಮಿಟ್» ಅಂದರೆ ಎಡಿಟರ್ ತೆರೆಯುತ್ತದೆ, ಅದರ ಕೆಳಗೆ «ಆನ್ ಬ್ರಾಂಚ್ ಇಂಥದ್ದು» ಅಂತ ಗಿಟ್ ತಾನೇ ಬರೆದಿರುತ್ತದೆ. ಸರಿಯಾಗಿ ಬೇಕಾದ ಹೊತ್ತಿಗೆ, ಹಳಸದ ಹೆಸರು. ಅದಕ್ಕೆ ಪ್ಲಗಿನ್ನೂ ಬೇಡ.

ಎಲ್ಲ ಹಾಕಿಕೊಂಡ ಮೇಲೆ ಹೀಗೆ ಪರೀಕ್ಷಿಸಿ. ಒಂದು ಪೇನ್‌ನಲ್ಲಿ ವಿಮ್, ಪಕ್ಕದಲ್ಲಿ ಶೆಲ್. ಶೆಲ್‌ನಲ್ಲಿ «ಗಿಟ್ ಸ್ವಿಚ್ -» ಹೊಡೆದು ಹಿಂದಿನ ಬ್ರಾಂಚಿಗೆ ಹೋಗಿ, ವಿಮ್‌ಗೆ ಬಂದು ಪಟ್ಟಿ ನೋಡಿ. ಮತ್ತೆ ಶೆಲ್‌ಗೆ ಹೋಗಿ ಅದನ್ನೇ ಹೊಡೆಯಿರಿ, ಮತ್ತೆ ನೋಡಿ. ಎರಡನೇ ಸಲ ತಪ್ಪಿದರೆ ಐನೋಡ್ ಕಥೆ. ಎರಡೂ ಸಲ ತಪ್ಪಿದರೆ ಟಿಮಕ್ಸ್ ಫೋಕಸ್. ಎರಡೂ ಸಲ ಸರಿ ಬಂದರೆ «ಗಿಟ್ ಸ್ವಿಚ್ --ಡಿಟ್ಯಾಚ್» ಕೊಟ್ಟು ಇನ್ನೊಂದು ಸಲ ನೋಡಿ. ಅಲ್ಲಿ ಏಳು ಅಕ್ಷರದ ಹ್ಯಾಶ್ ಬಂದರೂ ಸರಿ, ಖಾಲಿ ಇದ್ದರೂ ಸರಿ. ಹಳೆಯ ಬ್ರಾಂಚ್ ಹೆಸರು ಇನ್ನೂ ಕೂತಿದ್ದರೆ ನಿಮ್ಮ ವಿಮ್ ಸೆಟ್ಟಿಂಗ್ ಫೈಲಿನಿಂದ ಆ ಸಾಲು ತೆಗೆದುಬಿಡಿ.